ಮೊದಲು ಗದಗ, ಆಮೇಲೆ ಋಷಿ

ಅಂಕಲಿಪಿಯ ಮೊದಲ ಪುಟ ತೆಗೆದರೆ ಅ. ನಮಗೆ ಅದೇನೂ ಅಲ್ಲ, ಕಣ್ಣು ಮುಚ್ಚಿ ಬರೆಯುತ್ತೇವೆ. ನಾಲ್ಕು ವರ್ಷದ ಮಗುವಿನ ಕೈಗೆ ಬಳಪ ಕೊಟ್ಟು ಅದನ್ನೇ ಬರೆಸಿ ನೋಡಿ. ಎಲ್ಲಿ ಶುರು ಮಾಡಬೇಕು, ಎಲ್ಲಿ ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು, ಒಂದೂ ತಿಳಿಯುವುದಿಲ್ಲ. ಹೇಗೋ ಅದನ್ನು ದಾಟಿದರೆ ಆ, ಇ, ಈ. ಏಳನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಋ. ಪಕ್ಕದಲ್ಲಿ ಗಡ್ಡ ಬಿಟ್ಟ ಋಷಿಯ ಚಿತ್ರ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆಯೂ ಯಾರೂ ಋಷಿ ಅನ್ನುವುದಿಲ್ಲ. ಆದರೂ ಅಮ್ಮ, ಅಪ್ಪ, ಅಜ್ಜಿ, ಶೇಂಗಾ, ರೊಟ್ಟಿ ಯಾವುದನ್ನೂ ಬರೆಯಲು ಬಾರದ ಮಗು ಋ ಬರೆಯಲು ಕಲಿಯಬೇಕು. ಇನ್ನೂ ಮುಂದೆ ಹೋದರೆ ಙ, ಞ ಬೇರೆ ಇವೆ. ಒಂದು ಪುಟ ತುಂಬ ಙ ಬರೆದ ಮಗು ಆಮೇಲೆ ಜೀವಮಾನದಲ್ಲಿ ಅದನ್ನು ಎಷ್ಟು ಸಲ ಬರೆದೀತು, ನೀವೇ ಹೇಳಿ.

ವರ್ಣಮಾಲೆಯ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಬಾಯಿಗೆ ಅಂತ ಮಾಡಿದ ಕ್ರಮ. ಕ ಖ ಗ ಘ ಅನ್ನುವಾಗ ದನಿ ಗಂಟಲ ಹತ್ತಿರ ಹುಟ್ಟುತ್ತದೆ. ಚ ಛ ಜ ಝ ಅನ್ನುವಾಗ ನಾಲಿಗೆ ಅಂಗುಳಕ್ಕೆ ತಾಗುತ್ತದೆ. ಹೀಗೇ ಮುಂದೆ ಮುಂದೆ ಬಂದು ಪ ಫ ಬ ಭ ಮ ಅನ್ನುವ ಹೊತ್ತಿಗೆ ತುಟಿ ಮುಚ್ಚುತ್ತದೆ. 25 ವರ್ಗೀಯ ವ್ಯಂಜನಗಳನ್ನು ಇಷ್ಟು ಚಂದಾಗಿ ಜೋಡಿಸಿಟ್ಟವರಿಗೆ ಕೈ ಮುಗಿಯಬೇಕು. ಮಕ್ಕಳಿಗೆ ಇದನ್ನು ರಾಗವಾಗಿ ಹೇಳಿಸಿ, ಜೋಕಾಲಿ ಆಡುತ್ತ ಹೇಳಿಸಿ, ಸ್ನಾನ ಮಾಡಿಸುತ್ತ ಹೇಳಿಸಿ. ನನ್ನ ತಕರಾರು ಇಷ್ಟೇ. ಬಾಯಿಗೆ ಸುಲಭವಾದ ಕ್ರಮ ಕೈಗೂ ಸುಲಭ ಇರಬೇಕು ಅಂತೇನೂ ಇಲ್ಲ. ಹೇಳುವ ಕ್ರಮ ಒಂದಿರಲಿ, ಬರೆಯುವ ಕ್ರಮ ಇನ್ನೊಂದಿರಲಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಮಾತೂ ಅಲ್ಲ. ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಹೀಗೇ ನಡೆದಿದೆ. ನಲಿ-ಕಲಿ ಅನ್ನುವ ಹೆಸರು ಕೇಳಿರುತ್ತೀರಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆಯ ಶಾಲೆಗಳಲ್ಲಿ ಶುರುವಾದದ್ದು. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆಯುತ್ತಿದ್ದ ಪದ್ಧತಿ ಅದಕ್ಕೆ ಪ್ರೇರಣೆ. (ಋಷಿ ಇಲ್ಲಿಗೂ ಬಂದ ನೋಡಿ!) 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಅಲ್ಲಿ ಮಕ್ಕಳು ಮೊದಲು ಬರೆಯುವ ಅಕ್ಷರಗಳು ರ ಗ ಸ ದ ಅ. ಅದಾದ ಮೇಲೆ ಜ ವ ಮ ಬ ನ. ಕಾನ್ವೆಂಟಿಗೆ ಮಕ್ಕಳನ್ನು ಕಳಿಸುವ ನಮ್ಮಂಥ ಬಹಳ ಮನೆಗಳಿಗೆ ಈ ಸಂಗತಿಯೇ ಗೊತ್ತಿಲ್ಲ. ನನಗೆ ಹೇಳಿದ್ದು ನಮ್ಮ ಓಣಿಯಲ್ಲೇ ಇರುವ, ಕನ್ನಡ ಶಾಲೆಯಿಂದ ನಿವೃತ್ತರಾದ ಅಕ್ಕೋರು. "ರ ಬರಿಯಾಕ ಏನ ಬೇಕು ಹೇಳ್ರಿ? ಒಂದ ಸುತ್ತು, ಮ್ಯಾಲೊಂದ ತಲಕಟ್ಟು. ಗ ಅಂದ್ರ ಒಂದ ಕಮಾನು, ಅದಕ್ಕೂ ಅದ ತಲಕಟ್ಟು. ಕೂಸಿನ ಕೈಗೆ ಇದ ಹಗರ" ಅಂದರು.

ಹಗುರ ಇರುವುದು ಒಂದು ಅನುಕೂಲ. ಇನ್ನೊಂದು ಅದಕ್ಕಿಂತ ದೊಡ್ಡದು. ಈ ಐದು ಅಕ್ಷರ ಬಂದರೆ ಸಾಕು, ಅವತ್ತೇ ಪದ ಹುಟ್ಟುತ್ತದೆ. ಸರ, ದರ, ಅರಸ, ಅಗಸ, ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. ನಮ್ಮ ಕಡೆಯವರಿಗೆ ಇದರ ಮೇಲೊಂದು ಬಂಪರ್ ಬಹುಮಾನ ಇದೆ. ಗದಗ! ಬರೀ ಗ ಮತ್ತು ದ. ಧಾರವಾಡ ತಾಲ್ಲೂಕಿನಲ್ಲಿ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗ ಇದೆಯಲ್ಲ, ಅದಕ್ಕೆ ಬರೀ ಗ ಮತ್ತು ರ. ಬೆಂಗಳೂರಿನ ಮಗುವಿಗೆ ತನ್ನ ಊರಿನ ಹೆಸರು ಬರೆಯಲು ಏತ್ವ, ಸೊನ್ನೆ, ಕೊಂಬು, ಇಳಿ ಎಲ್ಲ ಬೇಕು. ನಮ್ಮ ಮಕ್ಕಳು ಐದು ಅಕ್ಷರದಲ್ಲಿ ಎರಡು ಊರು ಗೆದ್ದುಬಿಡುತ್ತಾರೆ.

ಹುಬ್ಬಳ್ಳಿಯ ಹೊಸ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು, ನಾನು ಮತ್ತು ಮಗಳು. ಬಸ್ಸಿನ ಬೋರ್ಡನ್ನು ಅವಳು ಯಾವತ್ತೂ ಗಮನಿಸಿದವಳಲ್ಲ. ಅವತ್ತು ನನ್ನ ಸೆರಗು ಜಗ್ಗಿದಳು. "ಅವ್ವಾ, ಗ... ದ... ಗ. ಗದಗ! ಅಲ್ನೋಡು, ನನ್ನ ಪಾಟಿ ಮ್ಯಾಗಿಂದು ಬಸ್ಸಿನ ಮ್ಯಾಲೆ ಐತಿ!" ಕಂಡಕ್ಟರ್ ತಿರುಗಿ ನೋಡಿ ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರು. "ಅವ್ವಾ, ಹಿಂದಿಂದ ಓದಿದ್ರೂ ಗದಗನ!" ಇಷ್ಟು ವರ್ಷ ಗದಗಿಗೆ ಹೋಗಿ ಬಂದು ಮಾಡಿದ್ದೇನೆ, ನನಗೆ ಹೊಳೆದಿರಲಿಲ್ಲ. ಬಸ್ಸು ಹೋದ ಮೇಲೂ ಗರಗ, ಸರಸ, ಜಲಜ ಅಂತ ನಾವಿಬ್ಬರೂ ಉಲ್ಟಾ ಓದುವ ಪದ ಹುಡುಕುತ್ತ ಕೂತಿದ್ದೆವು.

ಅಲ್ಲಿಂದ ಮುಂದೆ ನಮ್ಮ ಪಠ್ಯಪುಸ್ತಕ ಅಂದರೆ ಬಸ್ಸಿನ ಬೋರ್ಡೇ. ಸಾದಾ ಅಕ್ಷರಕ್ಕೆ ಗದಗ. ಗುಡಿಸಿಗೆ ಚಿಗರಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸನ್ನು ಇಲ್ಲಿ ಎಲ್ಲರೂ ಕರೆಯುವುದೇ ಚಿಗರಿ ಅಂತ. ಮಕ್ಕಳಿಗೆ ಅದರ ಮೇಲೆ ಭಾರೀ ಪ್ರೀತಿ. ಚ, ಗ, ರ ಮೂರೂ ಬರುತ್ತವೆ, ಎರಡಕ್ಕೆ ಗುಡಿಸು ಏರಿಸಿದರೆ ಚಿಗರಿ ಓಡುತ್ತದೆ. ಇಳಿ ಕಲಿಯಲು ಧಾರವಾಡ. ಆಗ ದ ಮತ್ತು ಧ ನಡುವಿನ ವ್ಯತ್ಯಾಸವೂ ಬಂತು. ಹಾವೇರಿಗೆ ಏತ್ವ. ನವಲಗುಂದಕ್ಕೆ ಕೊಂಬು ಮತ್ತು ಸೊನ್ನೆ. ಕಲಘಟಗಿಗೆ ಘ. ಕಲಘಟಗಿಯ ಬಣ್ಣದ ತೊಟ್ಟಿಲಲ್ಲೇ ಮಲಗಿ ಬೆಳೆದವಳು, ಹಾಗಾಗಿ ಆ ಘ ಮಾತ್ರ ಒಂದೇ ಏಟಿಗೆ ಬಂತು. ನಮ್ಮ ಸ್ವಂತ ಊರು ಹುಬ್ಬಳ್ಳಿ ಮಾತ್ರ ಎಲ್ಲಕ್ಕಿಂತ ಕಷ್ಟ. ಒಂದು ಕೊಂಬು, ಒಂದು ಗುಡಿಸು, ಎರಡು ಒತ್ತು. ಅವಸರ ಮಾಡಿಲ್ಲ.

ಅಕ್ಷರದ ಮಾತು ಇಷ್ಟಾಯಿತು. ಆದರೆ ಅದಕ್ಕಿಂತ ಮೊದಲು ಕೈಯ ಮಾತು ಇದೆ. ಬರವಣಿಗೆ ಅಂದರೆ ತಲೆಯ ಕೆಲಸ ಅಂತಲೇ ನಾವು ಅಂದುಕೊಳ್ಳುತ್ತೇವೆ. ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಹುಟ್ಟಿದ ಕೂಸಿನ ಎಕ್ಸ್‌ರೇ ತೆಗೆದರೆ ಸಾಮಾನ್ಯವಾಗಿ ಅವು ಕಾಣುವುದೇ ಇಲ್ಲ, ಅಷ್ಟು ಮೆದು ಇರುತ್ತವೆ. ವರ್ಷ ಹೋದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಆರೇಳು ವರ್ಷದ ಹೊತ್ತಿಗೆ 7 ಕಾಣಿಸುತ್ತವೆ. ಎಂಟನೆಯದು ಇನ್ನೂ ತಡ. ಬೆರಳ ಸಣ್ಣ ಸ್ನಾಯುಗಳೂ ಹಾಗೆಯೇ ನಿಧಾನಕ್ಕೆ ಬಲಿಯುತ್ತವೆ. ಮಗು ಮೊದಲು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಇಡೀ ತೋಳು ಆಡಿಸಿ ಗೀಚುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ ಹಿಡಿಯುವ ಹಿಡಿತ ಬರುವುದು ನಾಲ್ಕು, ಐದು, ಕೆಲವರಿಗೆ ಆರು ವರ್ಷಕ್ಕೆ. ಮೂರುವರೆ ವರ್ಷದ ಮಗುವಿಗೆ "ಪೆನ್ಸಿಲ್ ಸರಿಯಾಗಿ ಹಿಡಿ" ಅಂತ ಬೈದರೆ ಅದಕ್ಕೆ ಅರ್ಥವೇ ಇಲ್ಲ.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ 2025-26ರಿಂದ ಜಾರಿ ಅಂದಾಗ ನಮ್ಮ ರಾಜ್ಯದಲ್ಲಿ ಎಷ್ಟು ಗದ್ದಲ ಆಯಿತು ಅಲ್ವಾ? ಒಂದು ವರ್ಷ ಹಾಳಾಯಿತು ಅಂತ ಪಾಲಕರು ಬೀದಿಗೆ ಬಂದರು. ಕೊನೆಗೆ ಸರ್ಕಾರ ಆ ವರ್ಷದ ಮಟ್ಟಿಗೆ ಸ್ವಲ್ಪ ಸಡಿಲವನ್ನೂ ಮಾಡಿತು. ಪಾಲಕರ ಚಿಂತೆ ನನಗೆ ತಿಳಿಯುತ್ತದೆ. ಆದರೆ ಕೈಯನ್ನು ನೋಡಿದರೆ ನನಗೆ ಆ ನಿಯಮವೇ ಸರಿ ಅನ್ನಿಸುತ್ತದೆ.

ಹಾಗಾದರೆ ಅಲ್ಲಿವರೆಗೆ ಕೈಗೆ ಏನು ಕೊಡುವುದು? ನಮ್ಮ ಅತ್ತಿಯವರು ಇದಕ್ಕೆ ಯಾವ ಪುಸ್ತಕವನ್ನೂ ಓದಿದವರಲ್ಲ. ಮೊಮ್ಮಗಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಮುಂದೆ ಒಂದು ಬುಟ್ಟಿ ಶೇಂಗಾ ಇಡುತ್ತಾರೆ. ಸಿಪ್ಪೆ ಒಡೆಯಲು ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಶಕ್ತಿ ಬೇಕು. ಕೊತ್ತಂಬರಿ ಸೋಸುವುದು, ಬಟಾಣಿ ಸುಲಿಯುವುದು, ಜೋಳದ ಹಿಟ್ಟಿನ ಒಂದು ಸಣ್ಣ ಉಂಡೆ ಕೊಟ್ಟು "ನೀ ಒಂದ ರೊಟ್ಟಿ ಬಡಿ" ಅನ್ನುವುದು. ರೊಟ್ಟಿ ಕರ್ನಾಟಕದ ನಕಾಶೆಯ ಆಕಾರಕ್ಕೆ ಬರುತ್ತದೆ, ಅದು ಬೇರೆ ಮಾತು. ಅಂಗೈ, ಬೆರಳು, ಮಣಿಕಟ್ಟು ಎಲ್ಲಕ್ಕೂ ಕೆಲಸ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದಂತೂ ಇದಕ್ಕೇ ಮಾಡಿದ ಹಬ್ಬದಂತೆ. ಮಣ್ಣು ಮಿದಿಯಬೇಕು, ಕೋಡು ಹೊಸೆಯಬೇಕು, ಚಿಟಿಕೆಯಲ್ಲಿ ಕಾಳು ಹಿಡಿದು ಕಣ್ಣಿನ ಜಾಗಕ್ಕೆ ಒತ್ತಬೇಕು. ಈಗ ಪೇಟೆಯಲ್ಲಿ ಮಾಡಿಟ್ಟ ಎತ್ತು ಸಿಗುತ್ತದೆ. ನಾವು ತರುವುದಿಲ್ಲ.

ಎಲ್ಲಕ್ಕಿಂತ ನನಗೆ ಆಶ್ಚರ್ಯ ಆದದ್ದು ರಂಗೋಲಿ. ಒಂದು ಸಲ ಹತ್ತಿರದಿಂದ ನೋಡಿ. ಪುಡಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೆಳಗೆ ನಡುಬೆರಳ ಆಸರೆ. ಉಳಿದೆರಡು ಬೆರಳು ಒಳಗೆ ಮಡಚಿಕೊಂಡಿರುತ್ತವೆ. ಗೆರೆ ತೆಳ್ಳಗೆ ಬೀಳಬೇಕಾದರೆ ಬೆರಳು ಸ್ವಲ್ಪವೇ ಸಡಿಲಿಸಬೇಕು, ನಿಲ್ಲಿಸಬೇಕಾದರೆ ಒತ್ತಬೇಕು. ಪೆನ್ಸಿಲ್ ಹಿಡಿಯುವ ಹಿಡಿತ ಅಂದರೆ ಇದೇ ತಾನೇ! ಚುಕ್ಕಿ ಇಟ್ಟು ಚುಕ್ಕಿ ಸುತ್ತ ಗೆರೆ ತಿರುಗಿಸುವಾಗ ಕನ್ನಡದ ಎಲ್ಲ ಸುತ್ತುಗಳೂ ಬಂದುಹೋಗುತ್ತವೆ. ಮಗಳಿಗೆ ಅಂಗಳದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟಿದ್ದೇನೆ. ಮೊದಮೊದಲು ಹಿಡಿ ತುಂಬ ಸುರಿದು ಗುಡ್ಡೆ ಹಾಕುತ್ತಿದ್ದಳು. ಆಮೇಲೆ ಗೆರೆ ದಪ್ಪ, ಆಮೇಲೆ ತೆಳ್ಳಗೆ. ನಮ್ಮ ಅಣ್ಣನ ಮಗನಿಗೂ ಇದನ್ನು ಮಾಡಿಸಿ ಅಂದರೆ ಅವನ ಅಪ್ಪನಿಗೆ ಇಷ್ಟ ಆಗಲಿಲ್ಲ, ಗಂಡು ಹುಡುಗ ರಂಗೋಲಿ ಹಾಕುವುದೇ ಅಂತ. ಹುಡುಗನಿಗೆ ಬೇಕಿತ್ತು. ಈಗ ಅಪ್ಪ ಆಫೀಸಿಗೆ ಹೋದ ಮೇಲೆ ಹಾಕುತ್ತಾನೆ.

ಪಾಟಿಯ ವಿಷಯಕ್ಕೆ ಬರುತ್ತೇನೆ. ನೋಟ್‌ಬುಕ್ಕಿಗಿಂತ ಮೊದಲು ಪಾಟಿ ಬೇಕೇ ಬೇಕು ಅನ್ನುವುದು ನನ್ನ ಹಟ. ಪ್ಲಾಸ್ಟಿಕ್ ಪಾಟಿ ನುಣ್ಣಗೆ, ಬಳಪ ಜಾರುತ್ತದೆ. ಕಲ್ಲಿನ ಪಾಟಿ ಸ್ವಲ್ಪ ತಡೆಯುತ್ತದೆ, ಆ ತಡೆಯಿಂದಲೇ ಕೈಗೆ ಗೆರೆಯ ಅಂದಾಜು ಸಿಗುತ್ತದೆ. ದುರ್ಗದ ಬೈಲಿನಲ್ಲಿ ಹುಡುಕಿ ತಂದೆ. ಉದ್ದ ಬಳಪವನ್ನು ನಾನೇ ಮುರಿದು ತುಂಡು ಮಾಡಿ ಕೊಡುತ್ತೇನೆ. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದೇ ಇಲ್ಲ, ಬೆರಳ ತುದಿಗೇ ಬರಬೇಕು. ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ.

ಪಾಟಿಯ ದೊಡ್ಡ ಗುಣ ಅಂದರೆ ಒರೆಸಬಹುದು. ಗದುಗಿನ ನಾರಣಪ್ಪ ತಾನು ಹಲಗೆ ಬಳಪ ಹಿಡಿಯದೆ ಬರೆದವನು ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಮಹಾಕವಿ, ಬರೆದದ್ದನ್ನು ಒರೆಸುವ ಪ್ರಸಂಗವೇ ಬರಲಿಲ್ಲ. ನಮ್ಮ ಮಕ್ಕಳಿಗೆ ಆ ಭಾಗ್ಯ ಇಲ್ಲ. ಅವರು ಒರೆಸಿ ಒರೆಸಿಯೇ ಕಲಿಯಬೇಕು. ಪಾಟಿಯ ಮೇಲೆ ತಪ್ಪು ಉಳಿಯುವುದಿಲ್ಲ, ನೋಟ್‌ಬುಕ್ಕಿನಲ್ಲಿ ಕೆಂಪು ಗುರುತಿನ ಸಮೇತ ವರ್ಷವಿಡೀ ಉಳಿಯುತ್ತದೆ. ಮಗು ಪುಟ ತಿರುವಿದಾಗೆಲ್ಲ ಅದನ್ನೇ ನೋಡಬೇಕು.

ಸರಿ, ಅಕ್ಷರ ಬಂತು, ಕೈ ಬಂತು. ಇನ್ನು ಏನು ಬರೆಸುವುದು? ಇಲ್ಲಿ ಮನೆ ಮತ್ತು ಶಾಲೆಗೆ ವ್ಯತ್ಯಾಸ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಶಾಲೆಯಲ್ಲಿ ಬರೆದದ್ದನ್ನು ಮಿಸ್ ನೋಡಿ ರೈಟ್ ಹಾಕುತ್ತಾರೆ. ಮನೆಯಲ್ಲಿ ಬರೆದದ್ದರಿಂದ ಏನಾದರೂ ಕೆಲಸ ಆಗಬೇಕು. ನಾವು ದೊಡ್ಡವರು ಯಾರಾದರೂ ಸುಮ್ನೆ ಕೂತು ಒಂದೇ ಅಕ್ಷರವನ್ನು ಐವತ್ತು ಸಲ ಬರೆಯುತ್ತೇವಾ? ಕಿರಾಣಿ ಚೀಟಿ ಬರೆಯುತ್ತೇವೆ, ಹಾಲಿನ ಲೆಕ್ಕ ಬರೆಯುತ್ತೇವೆ, ಡಬ್ಬಿಯ ಮೇಲೆ ಹೆಸರು ಅಂಟಿಸುತ್ತೇವೆ.

ಅದಕ್ಕೇ ಕಿರಾಣಿ ಚೀಟಿಯ ಕೆಲಸ ಮಗಳಿಗೆ ಒಪ್ಪಿಸಿದೆ. ಆಗ ಅವಳಿಗೆ ಬರುತ್ತಿದ್ದದ್ದು ಸಾದಾ ಅಕ್ಷರ ಮಾತ್ರ. ಅಜ್ಜಿ ಹೇಳಿದರು, ಇವಳು ಬರೆದಳು. ನಾನು ತಿದ್ದಲಿಲ್ಲ. ಅಂಗಡಿಗೆ ಹೋಗಿ ಚೀಟಿಯನ್ನು ಕಾಕಾನ ಕೈಗೇ ಕೊಟ್ಟಳು. ಕಾಕಾ ಚಷ್ಮಾ ಹಾಕಿಕೊಂಡರು. ಬಹಳ ಗಂಭೀರವಾಗಿ ಓದಿದರು.

"ರವ... ಹ್ಞಾ, ರವಾ. ಬಲ? ಬಲ ಅಂದ್ರ ಬೆಲ್ಲ, ಹೌದಿಲ್ಲವಾ? ಮತ್ತ ಇದೇನು, ಸಗ?"

"ಶೇಂಗಾ!" ಅಂದಳು, ಇಷ್ಟೂ ತಿಳಿಯುವುದಿಲ್ಲವೇ ಅನ್ನುವ ದನಿಯಲ್ಲಿ.

"ಶೇಂಗಾ ಏನು! ಇಳಿ ಇಲ್ಲ, ಸೊನ್ನಿ ಇಲ್ಲ. ನಾ ಸಗಣಿ ಅಂತ ಓದಿ ಒಂದ ಕಿಲೋ ಕಟ್ಟಿ ಕೊಡಾಂವಿದ್ದೆ ನೋಡವಾ!"

ಮಗಳು ಬಿದ್ದು ಬಿದ್ದು ನಕ್ಕಳು. ದಾರಿಯುದ್ದಕ್ಕೂ ಒಂದ ಕಿಲೋ ಸಗಣಿ, ಒಂದ ಕಿಲೋ ಸಗಣಿ. ಮನೆಗೆ ಬಂದವಳೇ ಪಾಟಿ ತೆಗೆದು "ಅವ್ವಾ, ಇಳಿ ಹೆಂಗ ಹಾಕೋದು ತೋರಿಸು, ಸೊನ್ನಿ ಎಲ್ಲಿ ಬರ್ತದ?" ಅಂತ ಕೂತಳು. ನಾನು ಹೇಳಿದ್ದರೆ ಆ ಇಳಿಗೆ ಅಷ್ಟು ಬೆಲೆ ಬರುತ್ತಿರಲಿಲ್ಲ. ಇಳಿ ಇಲ್ಲದಿದ್ದರೆ ಶೇಂಗಾ ಸಿಗುವುದಿಲ್ಲ ಅಂತ ಕಾಕಾ ತೋರಿಸಿಕೊಟ್ಟರು.

ಆಮೇಲೆ ಅಜ್ಜಿಯ ಕಾಗುಣಿತ ಶುರು. ಕ ಇಳಿ ಕಾ, ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕೊಂಬು ಕು, ಕೊಂಬಿನ ಇಳಿ ಕೂ. ಹಳೆಯ ರಾಗ, ಆದರೆ ಪ್ರತಿ ಗುರುತಿಗೂ ಒಂದು ಹೆಸರಿದೆ ನೋಡಿ, ಮಗುವಿಗೆ ಅದು ಬಹಳ ಅನುಕೂಲ. ಚಿಗರಿಯ ಗುಡಿಸು ಬಂದರೆ ಕಿ, ಗಿ, ತಿ ಹಿಂದೆಯೇ ಬರುತ್ತವೆ. ಪು, ವು ಮಾತ್ರ ತಕರಾರು ಮಾಡುತ್ತವೆ, ಅವುಗಳ ಕೊಂಬು ಕೆಳಗಿಂದ ಬರುತ್ತದೆ. ಒಟ್ಟು ನೋಡಿದರೆ ಕನ್ನಡದ ಮಗು ಗುರುತು ಹಿಡಿಯಬೇಕಾದ ರೂಪಗಳು ನೂರಾರು. 49 ಅಕ್ಷರಕ್ಕೆ ಮುಗಿಯುವ ಆಟವಲ್ಲ. ಯುಕೆಜಿಯಲ್ಲೇ ಎಲ್ಲ ಬರಬೇಕು ಅನ್ನುವವರು ಇದನ್ನು ಸ್ವಲ್ಪ ಲೆಕ್ಕ ಹಾಕಬೇಕು.

ಇನ್ನು ನಮ್ಮ ಕಡೆಯದೇ ಒಂದು ವಿಶೇಷ ಸಮಸ್ಯೆ. ಕಾಗುಣಿತ ಬಂದ ಮೇಲೆ ಮಗಳು ಒಂದು ದಿನ ತಾನೇ ಬರೆದಳು, "ನಮ ಮನಿ". ಇನ್ನೊಂದು ದಿನ "ಸಾಲಿ ಬಿಟತು". ಪಕ್ಕದ ಮನೆಯವರು ನೋಡಿ "ಅಯ್ಯ, ಮನೆ ಅಂತ ಬರಸ್ರಿ, ಈಗಿಂದನ ತಪ್ಪು ಕಲಸಬ್ಯಾಡ್ರಿ" ಅಂದರು. ನನಗೆ ಅದು ತಪ್ಪು ಅನ್ನಿಸಲೇ ಇಲ್ಲ. ನಾವು ಮನಿ ಅಂತೀವಿ, ತಲಿ ಅಂತೀವಿ, ಎಲಿ ಅಂತೀವಿ. ಅವಳ ಕಿವಿಗೆ ಬಿದ್ದದ್ದು ಇ, ಕೈ ಗುಡಿಸು ಹಾಕಿತು. ಕಿವಿಗೂ ಕೈಗೂ ಕೂಡಿಕೊಂಡಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪುಸ್ತಕದ ಮನೆ, ಶಾಲೆ ಎಲ್ಲ ಓದುತ್ತ ಓದುತ್ತ ತಾವೇ ಬರುತ್ತವೆ. ರಾತ್ರಿ ಕಥೆ ಓದುವಾಗ ನಾನು ಬೆರಳಿಟ್ಟು ಓದುತ್ತೇನೆ. "ಇಲ್ಲಿ ಮನೆ ಅಂತ ಐತಿ" ಅಂತ ಅವಳೇ ಹೇಳತೊಡಗಿದ್ದಾಳೆ. ಈಗ ಅವಳ ಲೆಕ್ಕದಲ್ಲಿ ಮನಿ ಅಂದರೆ ನಮ್ಮದು, ಮನೆ ಅಂದರೆ ಕಥೆಯಲ್ಲಿರುವವರದು. ಇರಲಿ ಬಿಡಿ.

ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯುವುದಕ್ಕೂ ಗಾಬರಿ ಬೇಡ. ಐದಾರು ವರ್ಷದವರೆಗೆ ಬಹಳ ಮಕ್ಕಳು ಹಾಗೆ ಬರೆಯುತ್ತಾರೆ. ತಟ್ಟೆಯನ್ನು ಆ ಕಡೆ ತಿರುಗಿಸಿದರೂ ಈ ಕಡೆ ತಿರುಗಿಸಿದರೂ ತಟ್ಟೆಯೇ. ಅಕ್ಷರಕ್ಕೆ ಮಾತ್ರ ದಿಕ್ಕು ಇದೆ ಅನ್ನುವುದು ಮಗುವಿಗೆ ಹೊಸ ಸಂಗತಿ. ಎಡಗೈ ಮಕ್ಕಳು ನೂರಕ್ಕೆ ಹತ್ತು ಜನ ಇರುತ್ತಾರೆ. ಬಲಗೈಗೆ ಒತ್ತಾಯ ಮಾಡಬೇಡಿ. ಹಾಳೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿ ಇಡಿ, ಬರೆದದ್ದು ಕೈ ಕೆಳಗೆ ಅಳಿಸಿಹೋಗದಂತೆ ಪೆನ್ಸಿಲನ್ನು ತುದಿಯಿಂದ ತುಸು ಮೇಲೆ ಹಿಡಿಸಿ. ಎರಡನೆಯ, ಮೂರನೆಯ ತರಗತಿಗೆ ಬಂದರೂ ಅಕ್ಷರ ಗುರುತು ಹಿಡಿಯಲು ಬಹಳ ಒದ್ದಾಡುತ್ತಿದ್ದರೆ ಮಾತ್ರ ಆಲಸಿ ಅಂತ ಬೈಯದೆ ತಿಳಿದವರಿಗೆ ತೋರಿಸುವುದು ಒಳ್ಳೆಯದು. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಇದೆ, ವಿಚಾರಿಸಬಹುದು.

ಮತ್ತೆ ಶಾಲೆಯ ಹೋಮ್‌ವರ್ಕ್? ಎರಡು ಪುಟ ಅ, ಎರಡು ಪುಟ ಎ ಬಿ ಸಿ, ಒಂದರಿಂದ ನೂರು. ಮಗಳು ಅರ್ಧಕ್ಕೇ ಕೈ ಜಾಡಿಸುತ್ತಿದ್ದಳು. ಕೆಲವು ಮನೆಗಳಲ್ಲಿ ಅವ್ವಂದಿರೇ ಎಡಗೈಯಲ್ಲಿ ಬರೆದು ಕಳಿಸುತ್ತಾರೆ, ಮಗುವಿನ ಅಕ್ಷರದ ಹಾಗೆ ಕಾಣಲಿ ಅಂತ! ನಾನು ಮಿಸ್ ಹತ್ತಿರ ಹೋಗಿ ಮಾತಾಡಿದೆ. "ಒಂದ ಸಾಲು ಚಂದಾಗಿ ಬರಸ್ತೇನ್ರಿ, ಉಳಿದದ್ದಕ್ಕ ಒತ್ತಾಯ ಮಾಡಂಗಿಲ್ಲ" ಅಂದೆ. ಅವರು ಆ ಕಡೆ ಈ ಕಡೆ ನೋಡಿ, "ನನಗೂ ಹಂಗ ಅನಸ್ತದ್ರಿ, ಆದ್ರ ಪುಟ ತುಂಬ್ಲಿಲ್ಲಂದ್ರ ಪಾಲಕರ ಬಂದು ಕೇಳ್ತಾರ" ಅಂದರು. ನಾವು ಶಾಲೆಯನ್ನು ದೂರುತ್ತೇವೆ, ಶಾಲೆ ನಮ್ಮನ್ನು ದೂರುತ್ತದೆ. ನಡುವೆ ಮಗುವಿನ ಬೆರಳು ನೋಯುತ್ತದೆ.

ಈಗ ಮನೆಯಲ್ಲಿ ಹೊಸ ಹುಚ್ಚು, ಪೋಸ್ಟ್ ಕಾರ್ಡ್. ಹಾವೇರಿಯಲ್ಲಿರುವ ನಮ್ಮ ತವರಿಗೆ ಒಂದು ಬರೆಸಿದ್ದೆ. "ಆಯಿ ನೀ ಬಾ. ಮಾವಿನಕಾಯಿ ತಾ." ಅಷ್ಟೇ. ವಿಳಾಸ ನಾನು ಬರೆದೆ, ಹಾವೇರಿ ಅನ್ನುವುದನ್ನು ಮಾತ್ರ ಅವಳೇ ಬರೆದಳು. ಡಬ್ಬಿಗೆ ಹಾಕಿದ ಮರುದಿನದಿಂದಲೇ ಬಾಗಿಲು ಕಾದಳು. ನಮ್ಮ ಅವ್ವ ಜಾಣೆ, ಫೋನ್ ಮಾಡದೆ ಕಾರ್ಡಿನಲ್ಲೇ ಉತ್ತರ ಬರೆದಳು, ದೊಡ್ಡ ದೊಡ್ಡ ಅಕ್ಷರದಲ್ಲಿ. ಮಗಳು ತಡವರಿಸಿ ತಡವರಿಸಿ ಪೂರ್ತಿ ತಾನೇ ಓದಿದಳು. ಯಾರಿಗೂ ಮುಟ್ಟಲು ಕೊಡಲಿಲ್ಲ. ಒಂದು ಕಾರ್ಡಿಗೆ 50 ಪೈಸೆ. ಹತ್ತು ರೂಪಾಯಿಗೆ ಇಪ್ಪತ್ತು ತಂದಿಟ್ಟಿದ್ದೇನೆ. ಯಾರ್ಯಾರಿಗೆ ಬರೆಯಬೇಕು ಅಂತ ಅವಳದೇ ಒಂದು ಪಟ್ಟಿ ಆಗಿದೆ, ಅದರಲ್ಲಿ ಕಿರಾಣಿ ಕಾಕಾನ ಹೆಸರೂ ಇದೆ. ಮುಂದಿನ ಕಾರ್ಡು ಕೊಪ್ಪಳದ ಸೋದರಮಾವನಿಗಂತೆ. ಊರಿನ ಹೆಸರು ತಾನೇ ಬರೆಯುತ್ತಾಳಂತೆ. ಹಾಗಾಗಿ ಇವತ್ತು ಸಂಜೆ ಪಾಟಿ ಹಿಡಿದು ಪ ಕೆಳಗೆ ಇನ್ನೊಂದು ಪ ಹೇಗೆ ಕೂರುತ್ತದೆ ಅಂತ ನೋಡಬೇಕು.